ಕೊಟ್ಟವರಾರು, ತಗೊಂಡವರಾರು?

ಮುಂಗಾರು ಹತ್ತಿರ ಬಂತೆಂದರೆ ಹಿರೇಕೆರೂರು ತಾಲ್ಲೂಕಿನ ಅಡಿಕೆ ತೋಟಗಳಲ್ಲಿ ಮೈಲುತುತ್ತ, ಸುಣ್ಣ, ಪ್ಲಾಸ್ಟಿಕ್ ಡ್ರಮ್ಮುಗಳು ಹೊರಗೆ ಬರುತ್ತವೆ. ಮಳೆ ಹಿಡಿದು ಗೊನೆಗೆ ಕೊಳೆರೋಗ ತಗಲುವ ಮೊದಲೇ ಬೋರ್ಡೋ ದ್ರಾವಣ ಹೊಡೆದು ಮುಗಿಸಬೇಕು. ಲೆಕ್ಕ ಎಲ್ಲರಿಗೂ ಬಾಯಿಪಾಠ: ಶೇಕಡಾ 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಮೈಲುತುತ್ತವನ್ನು ಅರ್ಧ ನೀರಿನಲ್ಲಿ ಕರಗಿಸಿ, ಸುಣ್ಣವನ್ನು ಇನ್ನರ್ಧ ನೀರಿನಲ್ಲಿ ಕದಡಿ, ನೀಲಿ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕೋಲಿನಿಂದ ಕಲಕುತ್ತಾರೆ. ಆಮೇಲೆ ನನ್ನ ತಮ್ಮ ಕುಡಗೋಲಿನ ಅಲಗನ್ನು ಕಲ್ಲಿಗೆ ತಿಕ್ಕಿ ಹೊಳಪು ಬರಿಸಿ, ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ಎತ್ತುತ್ತಾನೆ. ಅಲಗು ಹಾಗೇ ಹೊಳೆಯುತ್ತಿದ್ದರೆ ಪಂಪಿಗೆ ತುಂಬಬಹುದು. ಕೆಂಪು ಛಾಯೆ ಹತ್ತಿದರೆ ಆಳುಗಳಿಗೆ ಕೂಗಿ ಹೇಳುತ್ತಾನೆ: "ಸುಣ್ಣ ಕಮ್ಮಿ ಆಗೇತಿ, ಇನ್ನಷ್ಟ ಹಾಕ್ರಿ."

ಆ ಕೆಂಪು ತಾಮ್ರದ್ದು. ತಮ್ಮ ಹತ್ತನೇ ತರಗತಿಯ ವಿಜ್ಞಾನವನ್ನು ಯಾವತ್ತೋ ಮರೆತವನು. ಆದರೆ ಅವನು ಮಾಡುವುದು ಅಪ್ಪಟ ರಸಾಯನಶಾಸ್ತ್ರದ ಪರೀಕ್ಷೆ. ನಾನು ಹಾವೇರಿ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿದವಳು. ಹುಟ್ಟಿದ್ದು ಹಾನಗಲ್ಲ ಕಡೆ, ಪಾಠ ಮಾಡಿದ್ದು ಸವಣೂರು, ಶಿಗ್ಗಾವಿ ತಾಲ್ಲೂಕುಗಳಲ್ಲಿ. ಹತ್ತನೇ ತರಗತಿಯ ಮೊದಲ ಅಧ್ಯಾಯಗಳಲ್ಲೇ ಬರುವ ಉತ್ಕರ್ಷಣ ಮತ್ತು ಅಪಕರ್ಷಣ ಎಂಬ ಜೋಡಿಯನ್ನು ಮಕ್ಕಳು ಹೆದರಿ ಬಾಯಿಪಾಠ ಮಾಡುವುದನ್ನು ಕಂಡಾಗಲೆಲ್ಲ ನನಗೆ ಆ ಡ್ರಮ್ಮೇ ಕಣ್ಣಮುಂದೆ ಬರುತ್ತಿತ್ತು. ಏಕೆಂದರೆ ಅದೊಂದರಲ್ಲೇ ಎರಡು ಕ್ರಿಯೆಗಳಿವೆ: ಒಂದು ಉತ್ಕರ್ಷಣ–ಅಪಕರ್ಷಣ, ಇನ್ನೊಂದು ಅಲ್ಲ. ಎರಡನ್ನೂ ಬೇರೆ ಮಾಡಿ ಹೇಳಬಲ್ಲ ಹುಡುಗನಿಗೆ ಆ ಅಧ್ಯಾಯ ಬಂದಂತೆಯೇ.

ಒಂದೇ ಡ್ರಮ್ಮು, ಎರಡು ಕ್ರಿಯೆ

ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ನೀರಿಗೆ ಬಿದ್ದರೆ ತಾಮ್ರದ ಅಯಾನುಗಳು ಬಿಡಿಬಿಡಿಯಾಗಿ ತೇಲುತ್ತವೆ. ತಾಮ್ರದ ಒಂದೊಂದು ಪರಮಾಣುವೂ ಎರಡೆರಡು ಎಲೆಕ್ಟ್ರಾನ್ ಕಳೆದುಕೊಂಡ ಸ್ಥಿತಿಯಲ್ಲಿರುವುದರಿಂದ ಅದನ್ನು +2 ಎಂದು ಬರೆಯುತ್ತಾರೆ. ಸುಣ್ಣದ ನೀರು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಇವೆರಡೂ ಕೂಡಿದಾಗ,

ತಾಮ್ರದ ಸಲ್ಫೇಟ್ + ಕ್ಯಾಲ್ಸಿಯಂ ಹೈಡ್ರಾಕ್ಸೈಡ್ → ತಾಮ್ರದ ಹೈಡ್ರಾಕ್ಸೈಡ್ + ಕ್ಯಾಲ್ಸಿಯಂ ಸಲ್ಫೇಟ್

ತಾಮ್ರ ಸಲ್ಫೇಟನ್ನು ಬಿಟ್ಟು ಹೈಡ್ರಾಕ್ಸೈಡ್ ಜೊತೆ ಸೇರಿತು, ಕ್ಯಾಲ್ಸಿಯಂ ಸಲ್ಫೇಟ್ ಕಡೆ ಹೋಯಿತು. ಜೋಡಿ ಬದಲಾಯಿತು, ಅಷ್ಟೇ. ತಾಮ್ರ ಮೊದಲೂ +2, ಈಗಲೂ +2. ಕ್ಯಾಲ್ಸಿಯಂ ಕೂಡ ಹಾಗೆಯೇ. ಯಾರೂ ಎಲೆಕ್ಟ್ರಾನ್ ಕೊಡಲಿಲ್ಲ, ಯಾರೂ ತಗೊಳ್ಳಲಿಲ್ಲ. ಇದು ಉತ್ಕರ್ಷಣವೂ ಅಲ್ಲ, ಅಪಕರ್ಷಣವೂ ಅಲ್ಲ.

ಇನ್ನು ಕುಡಗೋಲು. ಸುಣ್ಣ ಸಾಕಷ್ಟಿದ್ದರೆ ತಾಮ್ರವೆಲ್ಲ ನೀರಿನಲ್ಲಿ ಕರಗದ ಹೈಡ್ರಾಕ್ಸೈಡಾಗಿ ಕಟ್ಟಿಹೋಗಿರುತ್ತದೆ. ಸುಣ್ಣ ಕಡಿಮೆ ಬಿದ್ದರೆ ತಾಮ್ರದ ಅಯಾನುಗಳು ಇನ್ನೂ ಬಿಡಿಯಾಗಿ ಉಳಿದಿರುತ್ತವೆ. ಅಲ್ಲಿಗೆ ಕಬ್ಬಿಣ ಬಂದರೆ,

ಕಬ್ಬಿಣ + ತಾಮ್ರದ ಅಯಾನು → ಕಬ್ಬಿಣದ ಅಯಾನು + ತಾಮ್ರ

ಕಬ್ಬಿಣ ಎರಡು ಎಲೆಕ್ಟ್ರಾನ್ ಕೊಟ್ಟು 0ಯಿಂದ +2ಕ್ಕೆ ಏರಿ ನೀರಿಗಿಳಿಯಿತು. ತಾಮ್ರ ಆ ಎರಡನ್ನೇ ತಗೊಂಡು +2ರಿಂದ 0ಗೆ ಇಳಿದು ಲೋಹವಾಗಿ ಅಲಗಿಗೆ ಅಂಟಿತು. ಕೊಟ್ಟ ಕಬ್ಬಿಣದ್ದು ಉತ್ಕರ್ಷಣ, ತಗೊಂಡ ತಾಮ್ರದ್ದು ಅಪಕರ್ಷಣ. ಈ ದ್ರಾವಣವನ್ನು ಕಬ್ಬಿಣದ ಬಕೆಟ್ಟಿನಲ್ಲಿ ಮಾಡಬೇಡಿ ಎಂದು ಕೃಷಿ ಇಲಾಖೆಯವರು ಹೇಳುವುದೂ ಇದಕ್ಕೇ. ಬಕೆಟ್ಟೇ ಕರಗುತ್ತ, ಅಡಿಕೆಗೆ ಸೇರಬೇಕಾದ ತಾಮ್ರ ಬಕೆಟ್ಟಿನ ಗೋಡೆಗೆ ಹತ್ತುತ್ತದೆ.

ಈ ದ್ರಾವಣದ ಹುಟ್ಟೂರು ಫ್ರಾನ್ಸಿನ ಬೋರ್ಡೋ. ದ್ರಾಕ್ಷಿಬಳ್ಳಿಯ ಬೂಜುರೋಗಕ್ಕೆ ಇದು ಮದ್ದೆಂದು 1885ರಲ್ಲಿ ಪ್ರಕಟಿಸಿದವರು ಸಸ್ಯವಿಜ್ಞಾನಿ ಮಿಲಾರ್ಡೆ. ನಮ್ಮ ಅಡಿಕೆಯ ಕೊಳೆರೋಗದ ಮೇಲೆ ಇದನ್ನು ಪ್ರಯೋಗಿಸಿ ನೋಡಿದವರಲ್ಲಿ ಮೊದಲಿಗರು, 20ನೇ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್.

ಆಮ್ಲಜನಕವನ್ನೇ ಹುಡುಕುವ ಚಟ

ತರಗತಿಯಲ್ಲಿ ಕುಡಗೋಲಿನ ಸಮೀಕರಣ ಬರೆದು ಕೇಳಿದರೆ ಮುಂದಿನ ಬೆಂಚಿನಿಂದ ಬರುತ್ತಿದ್ದ ಉತ್ತರ ಬಹುತೇಕ ಒಂದೇ: "ಅಕ್ಕೋರ, ಇದರಾಗ ಆಕ್ಸಿಜನ್ನ ಇಲ್ಲಲ್ರೀ, ಉತ್ಕರ್ಷಣ ಹೆಂಗ್ ಆಕ್ಕೈತಿ?"

ಪ್ರಶ್ನೆ ಸರಿಯಾದದ್ದೇ. ಪಠ್ಯಪುಸ್ತಕ ಮೊದಲು ಹೇಳುವ ಸೂತ್ರ ಆಕ್ಸಿಜನ್ ಸೂತ್ರ: ಆಕ್ಸಿಜನ್ ಸೇರಿದರೆ ಉತ್ಕರ್ಷಣ, ಕಳೆದರೆ ಅಪಕರ್ಷಣ, ಹೈಡ್ರೋಜನ್‌ಗೆ ಇದರ ತಿರುಗುಮುರುಗು. ಮೆಗ್ನೀಸಿಯಂ ಪಟ್ಟಿ ಬೆಳ್ಳನೆ ಉರಿದು ಬೂದಿಯಾಗುವುದು ಮೊದಲನೆಯದಕ್ಕೆ ಉದಾಹರಣೆ. ಕರಿಯ ತಾಮ್ರದ ಆಕ್ಸೈಡಿನ ಮೇಲೆ ಬಿಸಿಯಲ್ಲಿ ಹೈಡ್ರೋಜನ್ ಹಾಯಿಸಿದಾಗ ಕೆಂಪು ತಾಮ್ರ ಉಳಿಯುವುದು ಎರಡನೆಯದಕ್ಕೆ. ಅದು ಚರಿತ್ರೆಯಲ್ಲೂ ಮೊದಲು ಬಂದ ಸೂತ್ರ. ವಸ್ತು ಉರಿಯುವುದೆಂದರೆ ಗಾಳಿಯ ಒಂದು ಭಾಗದೊಡನೆ ಕೂಡುವುದು ಎಂದು ಫ್ರಾನ್ಸಿನ ಲವೋಸಿಯೆ 1770ರ ದಶಕದಲ್ಲಿ ತೂಕ ಹಾಕಿ ತೋರಿಸಿದರು. ಆ ಭಾಗಕ್ಕೆ ಆಕ್ಸಿಜನ್ ಎಂಬ ಹೆಸರು ಕೊಟ್ಟವರೂ ಅವರೇ. ಎಲೆಕ್ಟ್ರಾನ್ ಎಂಬುದೊಂದು ಇದೆಯೆಂದು ಇಂಗ್ಲೆಂಡಿನ ಜೆ. ಜೆ. ಥಾಮ್ಸನ್ ತೋರಿಸಿದ್ದು 1897ರಲ್ಲಿ. ನಡುವಿನ ನೂರಕ್ಕೂ ಹೆಚ್ಚು ವರ್ಷ ರಸಾಯನಶಾಸ್ತ್ರಜ್ಞರ ಕಣ್ಣಿಗೆ ಮುಖ್ಯವಾಗಿ ಕಾಣುತ್ತಿದ್ದುದು ಆಕ್ಸಿಜನ್.

ಎಲೆಕ್ಟ್ರಾನ್ ಗೊತ್ತಾದ ಮೇಲೆ ಹಳೆಯ ಸೂತ್ರದ ಒಳಗುಟ್ಟು ತಿಳಿಯಿತು. ಆಕ್ಸಿಜನ್ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಎಳೆದುಕೊಳ್ಳುವುದರಲ್ಲಿ ಗಟ್ಟಿಗ. ಯಾವುದರ ಜೊತೆ ಸೇರಿದರೂ, ಫ್ಲೂರಿನ್ ಒಂದನ್ನು ಬಿಟ್ಟರೆ, ಎದುರಿನವರ ಎಲೆಕ್ಟ್ರಾನ್ ತನ್ನ ಕಡೆ ವಾಲುತ್ತದೆ. ಮೆಗ್ನೀಸಿಯಂ ಉರಿದಾಗ ನಿಜವಾಗಿ ಆದದ್ದು ಎಲೆಕ್ಟ್ರಾನ್ ಕೈಬದಲಾದದ್ದು. ಅದೇ ಮೆಗ್ನೀಸಿಯಂ ಆಕ್ಸಿಜನ್ ಬದಲು ಕ್ಲೋರಿನ್‌ನಲ್ಲಿ ಉರಿದರೂ ಅದು ಕಳೆದುಕೊಳ್ಳುವುದು ಅದೇ ಎರಡು ಎಲೆಕ್ಟ್ರಾನ್. ಆಕ್ಸಿಜನ್ ಎಂಬುದು ಎಲೆಕ್ಟ್ರಾನ್ ತಗೊಳ್ಳುವವರ ಸಾಲಿನಲ್ಲಿ ಒಬ್ಬ. ನಮ್ಮ ಸುತ್ತ ಎಲ್ಲೆಲ್ಲೂ ಇರುವುದರಿಂದ ಅವನ ಹೆಸರೇ ಮೊದಲು ಬಾಯಿಗೆ ಬರುತ್ತದೆ.

ಜಮಾ–ಖರ್ಚಿನ ಪುಸ್ತಕ

ಎಲೆಕ್ಟ್ರಾನ್ ಕಣ್ಣಿಗೆ ಕಾಣದು. ಕಾಣದ ವ್ಯವಹಾರವನ್ನು ಹಿಡಿಯುವುದಕ್ಕೆ ಅಂಗಡಿಕಾರ ಮಾಡುವುದನ್ನೇ ನಾವೂ ಮಾಡಬೇಕು: ಪ್ರತಿಯೊಬ್ಬರಿಗೂ ಒಂದೊಂದು ಖಾತೆ ತೆರೆದು, ವ್ಯವಹಾರಕ್ಕೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಬರೆಯಬೇಕು. ಆ ಖಾತೆಯ ಅಂಕಿಯೇ ಉತ್ಕರ್ಷಣ ಸಂಖ್ಯೆ. ಕಟ್ಟುಪಾಡುಗಳು ಕೆಲವೇ.

ತಾನೊಂದೇ ಇರುವ ಧಾತುವಿಗೆ, ಅದು ತಾಮ್ರದ ತಂತಿಯಿರಲಿ, ಗಾಳಿಯ ಆಕ್ಸಿಜನ್ನಿರಲಿ, ಸಂಖ್ಯೆ 0. ಬಿಡಿ ಅಯಾನಿಗೆ ಅದರ ವಿದ್ಯುದಂಶವೇ ಸಂಖ್ಯೆ. ಸಂಯುಕ್ತದಲ್ಲಿ ಸೋಡಿಯಂ, ಪೊಟ್ಯಾಷಿಯಂ +1; ಕ್ಯಾಲ್ಸಿಯಂ, ಮೆಗ್ನೀಸಿಯಂ +2; ಹೈಡ್ರೋಜನ್ ಸಾಮಾನ್ಯವಾಗಿ +1; ಆಕ್ಸಿಜನ್ ಸಾಮಾನ್ಯವಾಗಿ −2. ವಿದ್ಯುದಂಶವಿಲ್ಲದ ಸಂಯುಕ್ತದಲ್ಲಿ ಎಲ್ಲರ ಮೊತ್ತ 0 ಆಗಬೇಕು. ಗೊತ್ತಿಲ್ಲದವರ ಸಂಖ್ಯೆ ಈ ಮೊತ್ತದಿಂದಲೇ ಸಿಗುತ್ತದೆ. ಮೈಲುತುತ್ತದಲ್ಲಿ ತಾಮ್ರ +2, ನಾಲ್ಕು ಆಕ್ಸಿಜನ್ ಸೇರಿ −8. ಮೊತ್ತ 0 ಆಗಬೇಕಾದರೆ ಗಂಧಕ +6.

ಆಮೇಲೆ ಬಾಣದ ಎಡಕ್ಕೂ ಬಲಕ್ಕೂ ಅಂಕಿ ಬರೆದು ಹೋಲಿಸಿ. ಸಂಖ್ಯೆ ಏರಿದ ಧಾತು ಎಲೆಕ್ಟ್ರಾನ್ ಕೊಟ್ಟಿದೆ, ಅಂದರೆ ಉತ್ಕರ್ಷಣಗೊಂಡಿದೆ. ಇಳಿದದ್ದು ತಗೊಂಡಿದೆ, ಅಪಕರ್ಷಣಗೊಂಡಿದೆ. ಯಾರದ್ದೂ ಬದಲಾಗದಿದ್ದರೆ ಅದು ಉತ್ಕರ್ಷಣ–ಅಪಕರ್ಷಣದ ಕ್ರಿಯೆಯೇ, ಅಂದರೆ ರೆಡಾಕ್ಸ್ ಕ್ರಿಯೆಯೇ ಅಲ್ಲ. ಕೊಟ್ಟವನ ಸಂಖ್ಯೆ ಏರುವುದೇಕೆ ಎಂದು ಮಕ್ಕಳು ತಕರಾರು ತೆಗೆಯುತ್ತಾರೆ. ಎಲೆಕ್ಟ್ರಾನ್ ಋಣ ವಿದ್ಯುದಂಶದ್ದು. ಋಣ ಕಳೆದವನ ಖಾತೆ ಏರದೆ ಇಳಿದೀತೇ ಎಂದರೆ ತಲೆಯಾಡಿಸುತ್ತಾರೆ. ಬ್ಯಾಂಕಿನ ಸಾಲ ಅವರ ಮನೆಗಳಿಗೆ ಹೊಸದಲ್ಲ.

ಸುಣ್ಣ ಒಡ್ಡುವ ಬಲೆ

ಈ ಲೆಕ್ಕ ಗಟ್ಟಿಯಾಗಿದೆಯೇ ಎಂದು ನೋಡಲು ನಾನು ಕೊಡುತ್ತಿದ್ದ ಪ್ರಶ್ನೆಗಳೆಲ್ಲ ಸುಣ್ಣದ ಮೇಲೆ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟರೆ ಸುಟ್ಟಸುಣ್ಣ ಮತ್ತು ಇಂಗಾಲದ ಡೈಆಕ್ಸೈಡ್. ಬೆಂಕಿ ಇದೆ, ಕ್ಯಾಲ್ಸಿಯಂ ಬಳಿಯಿದ್ದ ಆಕ್ಸಿಜನ್ ಕಡಿಮೆಯೂ ಆಯಿತು. ಆಕ್ಸಿಜನ್ ಸೂತ್ರದವರು ಕೂಡಲೇ "ಅಪಕರ್ಷಣ" ಎನ್ನುತ್ತಾರೆ. ಖಾತೆ ತೆರೆದು ನೋಡಿ: ಕ್ಯಾಲ್ಸಿಯಂ ಎರಡೂ ಕಡೆ +2, ಇಂಗಾಲ ಎರಡೂ ಕಡೆ +4, ಆಕ್ಸಿಜನ್ −2. ಒಂದೂ ಕದಲಿಲ್ಲ. ಸುಟ್ಟಸುಣ್ಣಕ್ಕೆ ನೀರು ಹೊಯ್ದಾಗ ಕೊತಕೊತ ಕುದಿಯುತ್ತದೆ, ಹತ್ತಿರ ಹೋಗದಷ್ಟು ಬಿಸಿ. ಅಲ್ಲೂ ಯಾರ ಸಂಖ್ಯೆಯೂ ಬದಲಾಗುವುದಿಲ್ಲ. ಗೋಡೆಗೆ ಬಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗುವುದೂ ಅಷ್ಟೇ. ಬಿಸಿಯಾಗಲಿ, ಬೆಂಕಿಯಾಗಲಿ, ಆಕ್ಸಿಜನ್‌ನ ಓಡಾಟವಾಗಲಿ ರೆಡಾಕ್ಸ್‌ಗೆ ಸಾಕ್ಷಿಯಲ್ಲ.

ಹಾನಗಲ್ಲಿನ ಆಪೂಸ್ ಮಾವಿನ ಹಂಗಾಮಿನಲ್ಲಿ ಇನ್ನೊಂದು ಪ್ರಶ್ನೆ ತಾನಾಗಿ ಬರುತ್ತಿತ್ತು: ಹಣ್ಣು ಮಾಗಿಸಲು ಕೆಲವರು ಕದ್ದುಮುಚ್ಚಿ ಇಡುವ ಕಾರ್ಬೈಡ್. ಕ್ಯಾಲ್ಸಿಯಂ ಕಾರ್ಬೈಡಿಗೆ ತೇವ ತಗಲಿದರೆ ಅಸಿಟಿಲೀನ್ ಅನಿಲವೂ ಸುಣ್ಣವೂ ಬರುತ್ತವೆ. ಅನಿಲ ಬುಸುಗುಡುತ್ತದೆ, ಬಿಸಿಯಾಗುತ್ತದೆ, ಇಂಗಾಲಕ್ಕೆ ಹೈಡ್ರೋಜನ್ ಸೇರುತ್ತದೆ. "ಹೈಡ್ರೋಜನ್ ಸೇರ್ತು ಅಂದ್ರ ಅಪಕರ್ಷಣ" ಎಂದು ಪುಸ್ತಕ ಓದಿದ ಜಾಣರೂ ಬೀಳುವುದು ಇಲ್ಲೇ. ಕಾರ್ಬೈಡಿನಲ್ಲಿ ಕ್ಯಾಲ್ಸಿಯಂ +2, ಆದ್ದರಿಂದ ಎರಡು ಇಂಗಾಲಗಳಿಗೆ ತಲಾ −1. ಅಸಿಟಿಲೀನಿನಲ್ಲಿ ಎರಡು ಹೈಡ್ರೋಜನ್ ಸೇರಿ +2, ಇಂಗಾಲಕ್ಕೆ ಮತ್ತೆ ತಲಾ −1. ರೆಡಾಕ್ಸ್ ಅಲ್ಲವೇ ಅಲ್ಲ. ಇದರಲ್ಲಿ ಹಣ್ಣು ಮಾಗಿಸುವುದನ್ನು ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿರುವುದಕ್ಕೆ ಕಾರಣ ಬೇರೆ: ಪೇಟೆಯ ಕಾರ್ಬೈಡಿನಲ್ಲಿ ಆರ್ಸೆನಿಕ್, ರಂಜಕದ ವಿಷದ ಅಂಶ ಬೆರೆತಿರುತ್ತದೆ.

ಬಣ್ಣವೂ ಹೀಗೆಯೇ ಮೋಸ ಮಾಡುತ್ತದೆ. ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಓಕುಳಿ ಕೆಂಪಾಗುತ್ತದೆ. ಅರಿಶಿನದ ಬಣ್ಣದ ಅಣು ಕ್ಷಾರಕ್ಕೆ ಸಿಕ್ಕಿ ತನ್ನ ಹೈಡ್ರೋಜನ್ ಅಯಾನನ್ನು ಬಿಟ್ಟಿದೆ, ಎಲೆಕ್ಟ್ರಾನನ್ನಲ್ಲ. ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿ. ಅದೇ ಸುಣ್ಣವನ್ನು ಸವಣೂರಿನ ಎಲೆಗೆ ಸವರಿ, ಅಡಿಕೆ ಇಟ್ಟು ಅಗಿದರೆ ಬಾಯಿ ಕೆಂಪಾಗುತ್ತದೆ. ಇಲ್ಲಿ ಸುಣ್ಣದ ಕ್ಷಾರ ಅಡಿಕೆಯ ಒಗರು ಪದಾರ್ಥಗಳನ್ನು ಗಾಳಿಯ ಆಕ್ಸಿಜನ್‌ಗೆ ಸುಲಭವಾಗಿ ಎಲೆಕ್ಟ್ರಾನ್ ಕೊಡುವಂತೆ ಮಾಡುತ್ತದೆ. ಒಗರು ಉತ್ಕರ್ಷಣಗೊಂಡು ಕೆಂಪು ಬಣ್ಣ ಕಟ್ಟಿತು, ಆಕ್ಸಿಜನ್ ಅಪಕರ್ಷಣಗೊಂಡಿತು. ಒಂದೇ ಸುಣ್ಣ, ಎರಡೂ ಕೆಂಪು. ಒಂದು ರೆಡಾಕ್ಸ್ ಅಲ್ಲ, ಇನ್ನೊಂದು ಹೌದು.

ಸವಣೂರಿನ ಕಲಾಯಿ, ಸವಣೂರಿನ ಖಾರ

ತಾಮ್ರ, ಹಿತ್ತಾಳೆಯ ಪಾತ್ರೆಗಳು ಮನೆಮನೆಯಲ್ಲಿದ್ದ ಕಾಲದಲ್ಲಿ ಕಲಾಯಿಯವರು ಓಣಿಗೆ ಬಂದು, ನೆಲದಲ್ಲಿ ಗುಂಡಿ ತೋಡಿ, ತಿದಿಯೊತ್ತಿ ಕೆಂಡ ಮಾಡುತ್ತಿದ್ದರು. ಅವರ ಕೆಲಸದಲ್ಲಿ ಒಂದು ಇಡೀ ಪ್ರಯೋಗಾಲಯವೇ ಇತ್ತು.

ಪಾತ್ರೆಗೆ ಹಸಿರು ಕಿಲುಬು ಹಿಡಿಯುವುದು ರೆಡಾಕ್ಸ್: ಲೋಹದ ತಾಮ್ರ 0ಯಿಂದ +2ಕ್ಕೆ ಏರುತ್ತದೆ, ತೇವದ ಗಾಳಿಯ ಆಕ್ಸಿಜನ್ 0ಯಿಂದ −2ಕ್ಕೆ ಇಳಿಯುತ್ತದೆ. ಮನೆಯಲ್ಲಿ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಪಾತ್ರೆ ಹೊಳೆಯುತ್ತದೆ. ಆದರೆ ಹೊಳೆಯುವುದು ಕಿಲುಬಿನ ಅಡಿಯಲ್ಲಿದ್ದ ಹಳೆಯ ತಾಮ್ರ. ಕಿಲುಬಿನ ತಾಮ್ರ ಹುಣಸೆಯ ಆಮ್ಲದಲ್ಲಿ ಕರಗಿ, ಅದೇ +2 ಆಗಿ, ಬಚ್ಚಲಿಗೆ ಹೋಯಿತು. ಅದು ಲೋಹವಾಗಿ ಮರಳಲಿಲ್ಲ. ಹಾಗಾಗಿ ಹುಣಸೆಯ ಕೆಲಸ ಅಪಕರ್ಷಣವಲ್ಲ.

ಕಲಾಯಿಯವರು ಮಾಡುತ್ತಿದ್ದುದು ಬೇರೆ. ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿ ಹತ್ತಿಯಿಂದ ಒರೆಸಿದೊಡನೆ ಬಿಳಿ ಹೊಗೆ ಎದ್ದು, ಕರಿಯ ತಾಮ್ರದ ಆಕ್ಸೈಡ್ ಮಾಯವಾಗಿ ಕೆಂಪು ತಾಮ್ರ ಮಿಂಚುತ್ತಿತ್ತು; ಕೂಡಲೇ ತವರ ಮುಟ್ಟಿಸಿ ಸವರುತ್ತಿದ್ದರು. ನವಸಾಗರವೆಂದರೆ ಅಮೋನಿಯಂ ಕ್ಲೋರೈಡ್. ಅದರ ನೈಟ್ರೋಜನ್ −3ರಲ್ಲಿದ್ದದ್ದು 0ಗೆ ಏರಿ ಅನಿಲವಾಗಿ ಹೋಗುತ್ತದೆ. ತಾಮ್ರದ ಒಂದು ಭಾಗ ಆಮ್ಲದ ಗುಣಕ್ಕೆ ಸಿಕ್ಕಿ ಕ್ಲೋರೈಡಾಗಿ +2ರಲ್ಲೇ ಉಳಿದರೆ, ಹೆಚ್ಚಿನ ಭಾಗ 0ಗೆ ಇಳಿದು ಲೋಹವಾಗುತ್ತದೆ. ಸಮೀಕರಣದಲ್ಲಿ ನಾಲ್ಕು ತಾಮ್ರದ ಆಕ್ಸೈಡಿಗೆ ಎರಡು ನವಸಾಗರ. ಮೂರು ತಾಮ್ರ ತಲಾ ಎರಡರಂತೆ ತಗೊಂಡದ್ದು ಆರು ಎಲೆಕ್ಟ್ರಾನ್, ಎರಡು ನೈಟ್ರೋಜನ್ ತಲಾ ಮೂರರಂತೆ ಕೊಟ್ಟದ್ದು ಆರು. ಕೊಟ್ಟದ್ದೂ ತಗೊಂಡದ್ದೂ ಸಮ ಬರದಿದ್ದರೆ ಸಮೀಕರಣ ಎಲ್ಲೋ ತಪ್ಪಿದೆ ಎಂದೇ ಅರ್ಥ.

ಸವಣೂರಿಗೆ ಹೋದವರು ಎಣ್ಣೆಯಲ್ಲಿ ಕರಿದ ಖಾರ ಕಟ್ಟಿಸಿಕೊಳ್ಳದೆ ಬರುವುದಿಲ್ಲ. ಅದೇ ಖಾರವನ್ನು ಡಬ್ಬಿಯ ಮುಚ್ಚಳ ಸಡಿಲಬಿಟ್ಟು ಮರೆತರೆ ಕೆಲವು ವಾರಗಳಲ್ಲಿ ಕಮಟು ವಾಸನೆ. ಎಣ್ಣೆಯ ಅಣುವಿನಲ್ಲಿ ಎರಡೆರಡು ಬಂಧಗಳಿರುವ ಜಾಗದ ಹತ್ತಿರ ಗಾಳಿಯ ಆಕ್ಸಿಜನ್ ಹಿಡಿದುಕೊಂಡು, ಮೊದಲು ಪೆರಾಕ್ಸೈಡುಗಳಾಗಿ, ಅವು ಒಡೆದು ಮೂಗಿಗೆ ಹೊಡೆಯುವ ಆಲ್ಡಿಹೈಡ್‌ಗಳಾಗುತ್ತವೆ. ಎಣ್ಣೆ ಕೊಟ್ಟಿತು, ಆಕ್ಸಿಜನ್ ತಗೊಂಡಿತು. ಬಿಸಿಲು, ಸೆಕೆ, ಹಾಗೆಯೇ ತಾಮ್ರ ಅಥವಾ ಕಬ್ಬಿಣದ ಸೋಂಕು ಇದನ್ನು ಚುರುಕುಗೊಳಿಸುತ್ತವೆ. ಚಿಪ್ಸ್ ಕಂಪನಿಯವರು ಪ್ಯಾಕೆಟ್ಟಿಗೆ ನೈಟ್ರೋಜನ್ ತುಂಬುವುದು ತಗೊಳ್ಳುವವನನ್ನೇ ಒಳಗೆ ಬಿಡದಿರುವ ಉಪಾಯ. ಮನೆಯಲ್ಲಿ ಅಷ್ಟು ಬೇಕಿಲ್ಲ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಕತ್ತಲ ಮೂಲೆ ಸಾಕು.

ಶಿಗ್ಗಾವಿ ಕಡೆಯ ತಗಡು ಮತ್ತು ಬೋರಿನ ನೀರು

ಶಿಗ್ಗಾವಿ ತಾಲ್ಲೂಕಿನಲ್ಲಿ ನಾನಿದ್ದ ಶಾಲೆಯ ಬೋರಿನ ನೀರು ಹಿಡಿದಾಗ ತಿಳಿ. ಬಕೆಟ್ಟಿನಲ್ಲಿ ರಾತ್ರಿ ಕಳೆದರೆ ತಳದಲ್ಲಿ ಕಂದು ಗಸಿ, ಬಿಳಿ ಬಟ್ಟೆಗೆ ಹಳದಿ ಕಲೆ. ನೆಲದಾಳದಲ್ಲಿ ಗಾಳಿಯಿಲ್ಲದೆಡೆ ಕಬ್ಬಿಣ +2 ಆಗಿ ಕರಗಿರುತ್ತದೆ. ಮೇಲೆ ಬಂದು ಗಾಳಿ ಸೋಕಿದೊಡನೆ ಇನ್ನೊಂದು ಎಲೆಕ್ಟ್ರಾನ್ ಕೊಟ್ಟು +3 ಆಗುತ್ತದೆ; +3 ಕಬ್ಬಿಣ ನೀರಿನಲ್ಲಿ ಕರಗಿ ಉಳಿಯಲಾರದೆ ಗಸಿಯಾಗಿ ಕೂರುತ್ತದೆ. ಇಲ್ಲಿ ಲೋಹ ಎಲ್ಲೂ ಇಲ್ಲ, ಒಂದು ಅಯಾನು ಇನ್ನೊಂದು ಅಯಾನಾಗಿದೆ. ಉತ್ಕರ್ಷಣ ಎಂದರೆ 0ಯಿಂದಲೇ ಹೊರಡಬೇಕೆಂದು ತಿಳಿದ ಮಕ್ಕಳಿಗೆ ಆ ಬಕೆಟ್ಟನ್ನೇ ತೋರಿಸುತ್ತಿದ್ದೆ.

ಅದೇ ಶಾಲೆಯ ಚಾವಣಿಯ ತಗಡಿನಲ್ಲಿ ಇನ್ನೊಂದು ಪಾಠವಿತ್ತು. ಅದು ಸತುವಿನ ಲೇಪವಿರುವ ಕಬ್ಬಿಣದ ತಗಡು; ಮೇಲೆ ಗೀರು ಬಿದ್ದು ಕಬ್ಬಿಣ ಹೊರಗೆ ಕಂಡರೂ ಅಲ್ಲಿ ಬೇಗ ತುಕ್ಕು ಹಿಡಿಯುವುದಿಲ್ಲ. ಸತು ಕಬ್ಬಿಣಕ್ಕಿಂತ ಸುಲಭವಾಗಿ ಎಲೆಕ್ಟ್ರಾನ್ ಕೊಡುತ್ತದೆ. ಎರಡೂ ತಾಗಿಕೊಂಡಿರುವತನಕ ಗಾಳಿಗೆ ಕೊಡಬೇಕಾದದ್ದನ್ನು ಸತುವೇ ಕೊಡುತ್ತದೆ. ಕಬ್ಬಿಣ ತಾಮ್ರಕ್ಕೆ ಕೊಡುತ್ತದೆ, ಸತು ಕಬ್ಬಿಣಕ್ಕೆ ಕೊಡುತ್ತದೆ. ಹೀಗೆ ಸಾಲಾಗಿ ನಿಲ್ಲಿಸಿದರೆ ಪುಸ್ತಕದ ಕ್ರಿಯಾಶೀಲತೆಯ ಸರಣಿ ತಾನಾಗಿ ತಯಾರು.

ಹಾನಗಲ್ಲಿನ ಗದ್ದೆಯ ಕೆಸರಿನಲ್ಲಿ

ಈ ನಾಲ್ಕು ತಾಲ್ಲೂಕುಗಳಲ್ಲಿ ರೆಡಾಕ್ಸ್‌ನ ಅತಿ ದೊಡ್ಡ ಪ್ರಯೋಗಶಾಲೆ ಯಾವುದೆಂದು ಕೇಳಿದರೆ ನಾನು ತೋರಿಸುವುದು ನನ್ನ ತವರಿನ ಭತ್ತದ ಗದ್ದೆಗಳನ್ನು. ಧರ್ಮಾ ಕಾಲುವೆಯ ನೀರೋ, ಕೆರೆಯ ನೀರೋ ಬಂದು ಗದ್ದೆ ತುಂಬಿ ನಿಂತಿತೆಂದರೆ ಮಣ್ಣಿನೊಳಕ್ಕೆ ಗಾಳಿ ಇಳಿಯುವುದು ಬಹುತೇಕ ನಿಲ್ಲುತ್ತದೆ. ಆದರೆ ಮಣ್ಣಿನ ಸೂಕ್ಷ್ಮಜೀವಿಗಳಿಗೆ ಕೂಳೆ, ಗೊಬ್ಬರ, ಸೊಪ್ಪು ತಿನ್ನುವ ಕೆಲಸ ನಿಲ್ಲುವಂತಿಲ್ಲ. ತಿನ್ನುವುದೆಂದರೆ ಅದರ ಇಂಗಾಲದಿಂದ ಎಲೆಕ್ಟ್ರಾನ್ ಕಿತ್ತು ಯಾರಿಗಾದರೂ ದಾಟಿಸುವುದು. ಇಷ್ಟು ದಿನ ತಗೊಳ್ಳುತ್ತಿದ್ದ ಆಕ್ಸಿಜನ್ ಒಂದೆರಡು ದಿನಗಳಲ್ಲೇ ಮುಗಿದುಹೋಗುತ್ತದೆ. ಮುಂದೆ ಯಾರು?

ಇದಕ್ಕೊಂದು ಸರದಿ ಇದೆ. ಮೊದಲು ನೈಟ್ರೇಟ್: ಅದರ ನೈಟ್ರೋಜನ್ +5ರಿಂದ 0ಗೆ ಇಳಿದು ಅನಿಲವಾಗಿ ಗಾಳಿಗೆ ಹೋಗುತ್ತದೆ. ಆಮೇಲೆ ಮ್ಯಾಂಗನೀಸ್, +4ರಿಂದ +2ಕ್ಕೆ. ಅದರ ಹಿಂದೆ ಕಬ್ಬಿಣ: ಮಣ್ಣಿಗೆ ಕೆಂಪು ಕೊಟ್ಟ +3 ಕಬ್ಬಿಣ ಒಂದು ಎಲೆಕ್ಟ್ರಾನ್ ತಗೊಂಡು +2 ಆಗಿ ಕರಗುತ್ತದೆ, ಕೆಸರಿಗೆ ಬೂದು–ನೀಲಿ ಬಣ್ಣ ಬರುತ್ತದೆ. ಬಳಿಕ ಸಲ್ಫೇಟ್: ಗಂಧಕ +6ರಿಂದ −2ಕ್ಕೆ ಬಿದ್ದು ಕೊಳೆತ ಮೊಟ್ಟೆಯ ವಾಸನೆ. ಕೊನೆಗೆ ಇಂಗಾಲವೇ +4ರಿಂದ −4ಕ್ಕೆ ಇಳಿದು ಮೀಥೇನ್. ಕೆಸರು ತುಳಿದಾಗ ಏಳುವ ಗುಳ್ಳೆಗಳಲ್ಲಿ ಅದೂ ಇರುತ್ತದೆ.

ಗದ್ದೆಯ ನಿಂತ ನೀರಿನ ಮೇಲೆ ಕೆಲವೊಮ್ಮೆ ಕಾಮನಬಿಲ್ಲಿನ ಬಣ್ಣದ ಪೊರೆ ಕಾಣುತ್ತದೆ. ಟ್ರ್ಯಾಕ್ಟರಿನ ಡೀಸೆಲ್ ಸೋರಿತೆಂದು ಜನ ಬೈಯುತ್ತಾರೆ. ಕಡ್ಡಿಯಿಂದ ಕದಡಿ ನೋಡಿ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ಚೂರುಚೂರಾಗಿ ಒಡೆದು ಹಾಗೇ ಉಳಿದರೆ ಅದು ಕೆಸರಿನಿಂದ ಮೇಲೆ ಬಂದ +2 ಕಬ್ಬಿಣ ಗಾಳಿಗೆ ಸಿಕ್ಕು ಮತ್ತೆ +3 ಆದದ್ದು. ಬೆರಳಗಲದ ನೀರಿನ ಕೆಳಗೆ ಅಪಕರ್ಷಣ, ಮೇಲೆ ಉತ್ಕರ್ಷಣ. ಭತ್ತದ ಸಸಿಯೊಂದನ್ನು ಕಿತ್ತು ಬೇರು ತೊಳೆದರೂ ಇದೇ ಕಥೆ. ಭತ್ತದ ಕಾಂಡದಲ್ಲಿ ಗಾಳಿಯ ಕೊಳವೆಗಳಿವೆ. ಎಲೆಯಿಂದ ಬೇರಿಗೆ ಆಕ್ಸಿಜನ್ ಇಳಿದು ಸ್ವಲ್ಪ ಹೊರಗೂ ಸೋರುತ್ತದೆ. ಅದಕ್ಕೇ ಆರೋಗ್ಯವಾದ ಬೇರಿನ ಮೇಲೆ ತುಕ್ಕಿನ ಬಣ್ಣದ ಲೇಪ. ಬೇರು ಕರ್ರಗಾಗಿ ನಾರುತ್ತಿದ್ದರೆ ಸಲ್ಫೈಡ್ ಗೆದ್ದಿದೆ, ನೀರು ಬಸಿದು ಗದ್ದೆಗೆ ಗಾಳಿ ಕೊಡಬೇಕೆಂದು ತಿಳಿಯಬೇಕು.

ಇದೇ ಲೆಕ್ಕ ಜೇಬಿಗೂ ಮುಟ್ಟುತ್ತದೆ. ಯೂರಿಯಾದಲ್ಲಿ ನೈಟ್ರೋಜನ್ −3. ಮಣ್ಣಿನಲ್ಲಿ ಅದು ಅಮೋನಿಯಂ ಆದಾಗಲೂ −3. ಇಲ್ಲಿಯವರೆಗೆ ರೆಡಾಕ್ಸ್ ಇಲ್ಲ. ಗದ್ದೆ ಒಣಗಿ ಗಾಳಿಯಾಡಿದರೆ ಸೂಕ್ಷ್ಮಜೀವಿಗಳು ಅದನ್ನು ಉತ್ಕರ್ಷಿಸಿ +5ರ ನೈಟ್ರೇಟ್ ಮಾಡುತ್ತವೆ. ಆ ಮೇಲೆ ಮತ್ತೆ ನೀರು ನಿಲ್ಲಿಸಿದಿರೋ, ನೈಟ್ರೇಟ್ ಅಪಕರ್ಷಣಗೊಂಡು 0ಗೆ ಇಳಿದು ಗಾಳಿಗೆ. ಚೀಲ ಹೊತ್ತು ತಂದ ಗೊಬ್ಬರ ಎರಡೇ ಹೆಜ್ಜೆಯಲ್ಲಿ ಆಕಾಶ ಸೇರಿತು. ನೀರು ನಿಲ್ಲುವ ಗದ್ದೆಗೆ ನೈಟ್ರೇಟ್ ಗೊಬ್ಬರ ಬೇಡ, ಯೂರಿಯಾವನ್ನು ಒಮ್ಮೆಲೇ ಸುರಿಯದೆ ಕಂತಿನಲ್ಲಿ ಕೊಡಿ, ಒಣಗಿಸಿ ತುಂಬಿಸುವ ಆಟವನ್ನು ಗೊಬ್ಬರ ಹಾಕಿದ ಬೆನ್ನಿಗೇ ಆಡಬೇಡಿ ಎಂಬ ಸಲಹೆಗಳ ಹಿಂದಿರುವುದು ಇದೇ −3, +5, 0.

ಉತ್ತರ ಪತ್ರಿಕೆಯಲ್ಲಿ ಎಡವುವ ಜಾಗ

ಲೆಕ್ಕ ಸರಿಯಾಗಿ ಮಾಡಿದವರೂ ಅಂಕ ಕಳೆದುಕೊಳ್ಳುವುದು ಉತ್ಕರ್ಷಣಕಾರಿ ಯಾವುದು, ಅಪಕರ್ಷಣಕಾರಿ ಯಾವುದು ಎಂಬಲ್ಲಿ. ಉತ್ಕರ್ಷಣಕಾರಿ ಎದುರಿನವರನ್ನು ಉತ್ಕರ್ಷಣಗೊಳಿಸುತ್ತದೆ, ಅಂದರೆ ಅವರಿಂದ ತಾನು ತಗೊಳ್ಳುತ್ತದೆ, ಹಾಗಾಗಿ ತಾನು ಅಪಕರ್ಷಣಗೊಳ್ಳುತ್ತದೆ. ಯಲವಿಗಿಯ ಮೇಲೆ ಹಾಯುವ ಹುಬ್ಬಳ್ಳಿ–ಬೆಂಗಳೂರು ಮಾರ್ಗದಂಥ ರೈಲುಹಳಿಗಳ ಬೆಸುಗೆಯಲ್ಲಿ ಅಲ್ಯೂಮಿನಿಯಂ ಪುಡಿ ಮತ್ತು ಕಬ್ಬಿಣದ ಆಕ್ಸೈಡ್ ಉರಿದು ಕರಗಿದ ಕಬ್ಬಿಣ ಸಿಗುತ್ತದೆ. ಅಲ್ಯೂಮಿನಿಯಂ 0ಯಿಂದ +3ಕ್ಕೆ ಏರಿ ಉತ್ಕರ್ಷಣಗೊಂಡಿತು. ಆದ್ದರಿಂದ ಅದು ಅಪಕರ್ಷಣಕಾರಿ. ಕಬ್ಬಿಣದ ಆಕ್ಸೈಡ್ ಉತ್ಕರ್ಷಣಕಾರಿ. ಹೆಸರಿಸುವಾಗ ಇಡೀ ಪದಾರ್ಥವನ್ನು ಹೆಸರಿಸಬೇಕು, ಅದರೊಳಗಿನ ಧಾತುವನ್ನಷ್ಟೇ ಅಲ್ಲ.

ಇನ್ನೊಂದು ಪುಸ್ತಕದ ಕ್ರಿಯೆ: ಮ್ಯಾಂಗನೀಸ್ ಡೈಆಕ್ಸೈಡಿಗೆ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದರೆ ಕ್ಲೋರಿನ್ ಅನಿಲ ಬರುತ್ತದೆ. ಮ್ಯಾಂಗನೀಸ್ +4ರಿಂದ +2ಕ್ಕೆ ಇಳಿದು ಎರಡು ಎಲೆಕ್ಟ್ರಾನ್ ತಗೊಂಡಿತು. ನಾಲ್ಕು ಅಣು ಆಮ್ಲದಲ್ಲಿ ಎರಡರ ಕ್ಲೋರಿನ್ ಮಾತ್ರ −1ರಿಂದ 0ಗೆ ಏರಿದೆ. ಉಳಿದೆರಡು −1ರಲ್ಲೇ ಇದ್ದು ಮ್ಯಾಂಗನೀಸ್ ಜೊತೆ ಸೇರಿವೆ. ನಾಲ್ಕೂ ಉತ್ಕರ್ಷಣಗೊಂಡವು ಎಂದು ಬರೆದರೆ ಜಮಾ–ಖರ್ಚು ತಾಳೆಯಾಗದು.

ಇಷ್ಟು ಕಲಿತವರಿಗೆ ಕೊನೆಯದಾಗಿ ಔಷಧ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿ ಕೊಡುತ್ತಿದ್ದೆ. ಗಾಯಕ್ಕೆ ಬಿದ್ದೊಡನೆ ನೊರೆ ಉಕ್ಕಿಸುವ ಅದು ನೀರು ಮತ್ತು ಆಕ್ಸಿಜನ್ ಆಗಿ ಒಡೆಯುತ್ತದೆ. ಎದುರಿಗೆ ಬೇರೆ ಪದಾರ್ಥವಿಲ್ಲ, ಲೋಹವಿಲ್ಲ. ರೆಡಾಕ್ಸ್ ಹೌದೋ ಅಲ್ಲವೋ? ಹೈಡ್ರೋಜನ್ ಎರಡು ಸೇರಿ +2, ಆದ್ದರಿಂದ ಪೆರಾಕ್ಸೈಡಿನ ಆಕ್ಸಿಜನ್ −2 ಅಲ್ಲ, −1. ಒಡೆದ ಮೇಲೆ ಅರ್ಧ ಆಕ್ಸಿಜನ್ ನೀರಿನಲ್ಲಿ −2ಕ್ಕೆ ಇಳಿದಿದೆ, ಇನ್ನರ್ಧ ನೊರೆಯ ಗುಳ್ಳೆಯಲ್ಲಿ 0ಗೆ ಏರಿದೆ. ಆಕ್ಸಿಜನ್ ಬಂತೇ ಹೋಯಿತೇ ಎಂದು ನೋಡುತ್ತ ಕೂತವರು ಇಲ್ಲಿ ತಬ್ಬಿಬ್ಬು. ಖಾತೆ ಬರೆದವರು ಮಾತ್ರ ತಡವರಿಸದೆ ಹೇಳುತ್ತಾರೆ: ಕೊಟ್ಟದ್ದೂ ಆಕ್ಸಿಜನ್ನೇ, ತಗೊಂಡದ್ದೂ ಆಕ್ಸಿಜನ್ನೇ.